ಚೂಪುಮೂತಿ ಮೀನಿನ ಊರು ಮತ್ತು ಅಮ್ಮನ ಕಾಗದ

ಒಮಾನಿನ ಸಹಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಈಜಿಪ್ಟಿನ ಮಾಷ್ಟ್ರೊಬ್ಬರಿದ್ದರು, ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವರು. ನಾನು ಟೈಲ್ಸ್ ಕಂಪನಿಯೊಂದರಲ್ಲಿ ಟೈಪಿಸ್ಟ್. ಎಂಬತ್ತರ ದಶಕದ ನಡುವಿನ ಮಾತು. ಅವರ ಇಂಗ್ಲಿಷ್ ಕುಂಟು, ನನ್ನ ಅರಬ್ಬಿ ಕುರುಡು. ಎರಡೂ ಸೇರಿ ಹೇಗೋ ದಾರಿ ಸಾಗುತ್ತಿತ್ತು. ನಾನವರನ್ನು ಉಸ್ತಾದ್ ಅನ್ನುತ್ತಿದ್ದೆ. ಅವರಿಗೆ ನಾನು ಸದೀಕ್, ಅಂದರೆ ಗೆಳೆಯ.

ಉಸ್ತಾದರಿಗೆ ಊರಿನ ಹುಚ್ಚು. ಯಾರಾದರೂ ಪಿರಮಿಡ್ ಬಗ್ಗೆ ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಅವರದ್ದು ಅಲ್ ಬಹ್ನಸಾ. ನೈಲ್ ನದಿಯಿಂದ ಕವಲೊಡೆದ ಕಾಲುವೆಯ ದಡ, ಬೆನ್ನಿಗೆ ಮರುಭೂಮಿ. ಈಗ ಹಳ್ಳಿ, ಒಂದು ಕಾಲದಲ್ಲಿ ನಮ್ಮ ಮಂಗಳೂರಿನ ಹಾಗೆ ಜಿಲ್ಲೆಗೇ ದೊಡ್ಡ ಪೇಟೆ. ಚೂಪು ಮೂತಿಯ ಒಂದು ಮೀನು ಅಲ್ಲಿ ದೇವರು. ಗ್ರೀಕರು ಬಂದ ಮೇಲೆ ಊರಿಗೂ ಆ ಮೀನಿನ ಹೆಸರನ್ನೇ ಇಟ್ಟರಂತೆ. ಪಕ್ಕದ ಊರಿನವರಿಗೆ ನಾಯಿ ದೇವರು. ಅವರು ಈ ಮೀನನ್ನು ಹಿಡಿದು ತಿಂದರು. ಇವರು ಸುಮ್ಮನಿರುತ್ತಾರಾ? ಅವರ ನಾಯಿಗಳನ್ನೇ ಹಿಡಿದು ತಿಂದರು! ಹೊಡೆದಾಟ ಜೋರಾಗಿ, ಕೊನೆಗೆ ರೋಮಿನವರು ಬಂದು ಇಬ್ಬರಿಗೂ ಬುದ್ಧಿ ಕಲಿಸಬೇಕಾಯಿತಂತೆ.

ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅವರಿಗೆ ಬಂಗುಡೆ ಸಾರು ಬಡಿಸುತ್ತಾ, "ನಮ್ಮಲ್ಲೂ ದೇವರ ಮೀನು ಉಂಟು ಉಸ್ತಾದ್, ದೇವಸ್ಥಾನದ ಹೊಳೆಯಲ್ಲಿ. ಅಕ್ಕಿ ಹಾಕಿದರೆ ಕಾಲಿನ ಹತ್ತಿರ ಬರ್ತದೆ. ಹಿಡಿಯುವ ಹಾಗಿಲ್ಲ" ಅಂದೆ.

"ಹಾಗಾದರೆ ನೀನು ನಮ್ಮೂರಿನವನೇ" ಅಂದರು.

ಆ ಕಾಲದಲ್ಲಿ ಆ ಊರಿನವರಿಗೆ ಬರೆಯುವ ಚಟವಂತೆ. ಊಟಕ್ಕೆ ಕರೆಯುವುದಕ್ಕೂ ಚೀಟಿ, ಕತ್ತೆ ಕಳವಾದರೂ ಅರ್ಜಿ, ದೂರ ಹೋದ ಮಗ ಸುದ್ದಿ ಕಳಿಸದಿದ್ದರೆ ಬೈದು ಕಾಗದ. ಓದಿ ಆದ ಮೇಲೆ ಎಲ್ಲ ಊರ ಹೊರಗಿನ ತಿಪ್ಪೆಗೆ. ಮಳೆ ಅನ್ನುವುದೇ ಇಲ್ಲದ ಜಾಗ, ತಿಪ್ಪೆಗಳು ಬೆಳೆದು ಗುಡ್ಡಗಳಾದವು. ಮೀನಿನ ದೇವರು ಹೋಗಿ ಇಗರ್ಜಿಗಳು ಬಂದವು, ಕಾಲಿಟ್ಟಲ್ಲೆಲ್ಲ ಸನ್ಯಾಸಿಗಳು. ಆಮೇಲೆ ಮಸೀದಿ ಬಂತು, ಹುತಾತ್ಮರ ಗೋರಿಗಳು ಬಂದವು. ರೈತರು ಗುಡ್ಡದ ಮಣ್ಣನ್ನು ಗೊಬ್ಬರಕ್ಕೆ ಅಂತ ಹೊತ್ತುಕೊಂಡು ಹೋಗುತ್ತಿದ್ದರು. ಕಡೆಗೆ ವಿದೇಶದ ಪಂಡಿತರು ಬಂದು ಅಗೆದರೆ ಎರಡು ಸಾವಿರ ವರ್ಷದ ಕಾಗದಗಳು! ಉಸ್ತಾದರ ಅಜ್ಜ ಆಗ ಬುಟ್ಟಿ ಹೊತ್ತವರು. "ಕಾಗದ ಹೋದದ್ದು ಪರದೇಶಕ್ಕೆ, ಧೂಳು ಉಳಿದದ್ದು ಅಜ್ಜನ ಎದೆಯಲ್ಲಿ" ಅನ್ನುತ್ತಿದ್ದರು. ಹೇಳುವಾಗ ಅವರ ದೃಷ್ಟಿ ಎಲ್ಲೋ ಇರುತ್ತಿತ್ತು.

ನನ್ನ ಅಮ್ಮ ಸತ್ತ ಸುದ್ದಿ ಬಂದದ್ದು ಕಾಗದದಲ್ಲಿ. ಲಕೋಟೆಯ ಮೂಲೆಗೆ ಕಪ್ಪು ಶಾಯಿ ಹಚ್ಚಿತ್ತು. ನಮ್ಮಲ್ಲಿ ಅಂಥ ಕಾಗದವನ್ನು ಮನೆಯೊಳಗೆ ತರುವುದಿಲ್ಲ, ಓದಿ ಹೊರಗೇ ಹರಿದು ಹಾಕಿ ಸ್ನಾನ ಮಾಡುವುದು. ಅಕ್ಕನ ಅಕ್ಷರ. ನಾಲ್ಕು ಸಾಲು ಓದುವಷ್ಟರಲ್ಲಿ ಕಣ್ಣು ಮಂಜಾಯಿತು. ನನ್ನ ಜೊತೆ ಕೋಣೆಯಲ್ಲಿದ್ದ ಊರ ಕಡೆಯ ಹಿರಿಯರೊಬ್ಬರು ಬಾಗಿಲಿನಿಂದಲೇ, "ಓದಿದ್ಯಲ್ಲ ಮಾರಾಯ, ಹರಿದು ಹಾಕು ಮೊದಲು" ಅಂದರು. ಲಕೋಟೆ ಸಮೇತ ಹರಿದು ಬೀದಿಯ ಕಸದ ಡ್ರಮ್ಮಿಗೆ ಹಾಕಿದೆ. ಊರಿಗೆ ಹೋಗುವ ಮಾತೇ ಇರಲಿಲ್ಲ. ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ ಕಪಾಟಿನಲ್ಲಿ, ಅವನು ಪರದೇಶದಲ್ಲಿ.

ಒಂದೂವರೆ ತಿಂಗಳ ಮೇಲೆ ಅಕ್ಕನ ಇನ್ನೊಂದು ಕಾಗದ ಬಂತು. 'ನನ್ನ ಕಾಗದದ ಜೊತೆ ಅದೇ ಲಕೋಟೆಯಲ್ಲಿಟ್ಟಿದ್ದೆನಲ್ಲ, ಅಮ್ಮ ಬರೆದದ್ದು, ಓದಿದೆಯಾ? ಮೂರು ದಿನ ಮಲಗಿದಲ್ಲೇ ಬರೆದದ್ದು. ನಾನು ನೋಡಬಾರದು ಅಂತ ಮಡಚಿ ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು.'

ಅಯ್ಯೋ ದೇವರೇ! ಮೂರನೇ ಕ್ಲಾಸು ಓದಿದ ಅಮ್ಮ, ಜೀವಮಾನದಲ್ಲಿ ತನ್ನ ಕೈಯಿಂದ ನನಗೆ ಬರೆದ ಒಂದೇ ಒಂದು ಕಾಗದ. ಬೇರೆಲ್ಲ ಅಕ್ಕನಿಂದ ಬರೆಸಿದವು. ಅದನ್ನು ನಾನು ಬಿಡಿಸದೆಯೇ ಹರಿದು ಹಾಕಿದ್ದೆ. ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಉಸ್ತಾದರಿಗೆ ಹೇಳಿದೆ. ಅವರು ಸಮಾಧಾನ ಗೀಮಾಧಾನ ಏನೂ ಹೇಳಲಿಲ್ಲ. "ಕಸ ಎಲ್ಲಿಗೆ ಹೋಗುತ್ತದೆ?" ಅಂತ ಕೇಳಿದರು. ಶುಕ್ರವಾರ ನಮಾಜು ಮುಗಿಸಿ ಸಲಿಕೆ ಹಿಡಿದು ಬಂದರು. "ಯಲ್ಲಾ ಸದೀಕ್!"

ಊರ ಕಸ ಸುರಿಯುತ್ತಿದ್ದದ್ದು ಒಣ ಹಳ್ಳದ ಪಕ್ಕ. ಇಸ್ತ್ರಿ ಮಾಡಿದ ಪ್ಯಾಂಟು ಮಡಚಿ ಮಾಷ್ಟ್ರು ಇಳಿದೇಬಿಟ್ಟರು. ಹಾಲಿನ ಡಬ್ಬಿಗಳ ಮೇಲಿನ ತಾರೀಕು ನೋಡಿ, "ಇದು ಹೋದ ತಿಂಗಳದ್ದು, ಇನ್ನೂ ಕೆಳಗೆ" ಅನ್ನುತ್ತಾ ಪದರ ಪದರವಾಗಿ ಅಗೆದರು. ಮಲಯಾಳಿಯ ಕಾಗದ ಸಿಕ್ಕಿತು, ಉರ್ದುವಿನದ್ದು ಸಿಕ್ಕಿತು, ಯಾರದ್ದೋ ಹೆಂಡತಿಯ ಕೊಂಕಣಿ ಕಾಗದ ಸಿಕ್ಕಿತು. ನನ್ನದು ಇಲ್ಲ. ಸುತ್ತ ಆಡುಗಳು ರಟ್ಟು ಜಗಿಯುತ್ತಾ ನಮ್ಮನ್ನೇ ನೋಡುತ್ತಿದ್ದವು. ನನಗೆ ಸಿಟ್ಟು ತಡೆಯದೆ ಒಂದಕ್ಕೆ ಕಲ್ಲು ಬೀಸಿದೆ.

ಸಂಜೆಯ ಮಗ್ರಿಬ್ ಬಾಂಗ್ ಕೇಳಿದಾಗ ಅವರು ಸಲಿಕೆ ಕೆಳಗಿಟ್ಟರು. "ಇಲ್ಲೂ ಮಳೆ ಅಪರೂಪ ಸದೀಕ್. ಹಾಳಾಗುವುದಿಲ್ಲ. ಮುಂದೆ ಎಂದೋ ಯಾರಾದರೂ ಓದುತ್ತಾರೆ."

"ಯಾರೋ ಯಾಕೆ ಓದಬೇಕು?" ಅಂತ ಕಿರುಚಿದೆ. "ಅದು ನನಗೆ ಬರೆದದ್ದು!"

ಅವರು ನನ್ನ ಬೆನ್ನಿನ ಧೂಳು ಕೊಡವಿದರು.

ಅಕ್ಕನಿಗೆ 'ಓದಿದೆ' ಅಂತ ಬರೆದೆ. ರಜೆಯಲ್ಲಿ ಹೋದಾಗ ಅವಳು ಬಟ್ಟಲಿಗೆ ಗಂಜಿ ಬಡಿಸುತ್ತಾ ಮೆಲ್ಲ ಕೇಳಿದಳು, "ಎಂತ ಬರೆದಿದ್ರು ಅಮ್ಮ?"

"ನಿನ್ನ ಬಗ್ಗೆಯೇ. ಅಕ್ಕ ನನಗಾಗಿ ತುಂಬ ಮಾಡಿದ್ದಾಳೆ, ಅವಳ ಕೈ ಬಿಡಬೇಡ ಅಂತ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನನ್ನು ಬೈಯುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ ಅವರಿಗೆ. ಹಾಗೆ ಬರೆದ್ರಾ?" ಅಂತ ಎರಡೆರಡು ಸಲ ಕೇಳಿದಳು. ಹೌದು ಹೌದು ಅಂದೆ. ಆಮೇಲೆ ಪ್ರತಿ ರಜೆಯಲ್ಲೂ ಕೇಳುವಳು, ನಾನು ಅದನ್ನೇ ಹೇಳುವೆ.

ತೊಂಬತ್ತರ ದಶಕದಲ್ಲಿ ಮಾಷ್ಟ್ರ ಕೆಲಸಕ್ಕೆ ಒಮಾನಿನವರೇ ಬರತೊಡಗಿದರು, ಉಸ್ತಾದರು ತಮ್ಮ ಬಹ್ನಸಾಕ್ಕೆ ಹೋದರು. ಕೆಲವು ವರ್ಷಕ್ಕೆ ನಾನೂ ಕೆಲಸ ಖಲಾಸ್ ಮಾಡಿ ಊರಿಗೆ ಹೊರಟೆ. ಹೊರಡುವ ಮುಂಚೆ ಹಳ್ಳದ ಹತ್ತಿರ ಹೋದರೆ ಕಸದ ಮೇಲೆ ಮಣ್ಣು ಹಾಕಿ ಸಮ ಮಾಡಿ, ಸಾಲಾಗಿ ಅಂಗಡಿ ಕಟ್ಟಿದ್ದರು. ಒಂದು ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಊರಿಗೆ ಬಂದು ಪೆಟ್ಟಿಗೆ ಬಿಚ್ಚುವಾಗ ಅಕ್ಕ ಎದುರು ಬಂದು ಕೂತಳು. ಕಣ್ಣಿಗೆ ಕನ್ನಡಕ ಏರಿಸಿಕೊಂಡೇ ಬಂದಿದ್ದಳು.

"ಆ ಕಾಗದ ಕೊಡು ತಮ್ಮ. ನನ್ನ ಬಗ್ಗೆ ಬರೆದದ್ದನ್ನು ಒಂದು ಸಲ ನಾನೇ ಓದುತ್ತೇನೆ."