ಒಂದು ಮೊರ ಜೋಳದ ಮಗಳು

ಖಟಾಖಟ್, ಖಟಾಖಟ್, ಖಟಾಖಟ್. ಇಚಲಕರಂಜಿಯ ನಮ್ಮ ಓಣಿಯಲ್ಲಿ ಬೆಳೆದವರ ಕಿವಿಗೆ ಇದು ಸದ್ದೇ ಅಲ್ಲ, ಒಂದು ಬಗೆಯ ಮೌನ. ಮೊನ್ನೆ ಮೊಮ್ಮಗಳು ತನ್ನ ಕೂಸನ್ನು ಮಲಗಿಸಲು ಮೊಬೈಲಿನಲ್ಲಿ ಏನೋ ಹಚ್ಚಿದಳು. ಹಾಡಲ್ಲ, ರಾಗವಲ್ಲ, ಒಂದೇ ಸಮನೆ ಬರುವ ಸದ್ದು. "ವೈಟ್ ನಾಯ್ಸ್ ಅಂತಾರ ಅಜ್ಜಿ. ಬೇಬಿಗೆ ಸೇಫ್ ಅನಸ್ತೈತಿ" ಎಂದಳು. ಬೇಬಿಗಿಂತ ಮೊದಲು ನನಗೇ ಜೊಂಪು ಹತ್ತಿತು. ಆ ಸದ್ದಿನ ತಳದಲ್ಲೆಲ್ಲೋ ನಮ್ಮ ಮನೆಯ ಹಿಂದಿನ ನಾಲ್ಕು ಪಾವರ್‌ಲೂಮುಗಳು ಮೆಲ್ಲಗೆ ನಡೆಯತೊಡಗಿದವು.

ನೀವು ನಂಬಲಿಕ್ಕಿಲ್ಲ, ನಮ್ಮ ಓಣಿಯ ಕೂಸುಗಳು ಗದ್ದಲಕ್ಕೆ ಏಳುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ತೊಟ್ಟಿಲು ತೊಟ್ಟಿಲಿನಿಂದ ಅಳು ಏಳುತ್ತಿತ್ತು.

ನಾನು ಆ ಮನೆಯ ಮಗಳು ಹೌದೋ ಅಲ್ಲವೋ ಎಂಬುದೇ ನನಗೆ ಬಹುಕಾಲ ಗೊತ್ತಿರಲಿಲ್ಲ. ನನಗಿಂತ ಮೊದಲು ಅವ್ವ ಮೂರು ಕೂಸು ಹಡೆದಿದ್ದಳು, ಮೂರೂ ಉಳಿಯಲಿಲ್ಲ. ಅಂಥ ಮನೆಗಳಿಗೆ ನಮ್ಮ ಕಡೆ ಒಂದು ಉಪಾಯವಿತ್ತು. ಹುಟ್ಟಿದ ಕೂಡಲೇ ನನ್ನನ್ನು ಒಯ್ದು, ಬೇಡವಾದ ಕಸದ ಹಾಗೆ, ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದರು. ಎದುರುಮನೆಯ ಗಂಗವ್ವ ಬಂದು, ಯಾರದೋ ಕೂಸು ಬಿದ್ದಿದೆಯೆಂದು ಎತ್ತಿಕೊಂಡಳು. ಅವಳ ಗಂಡ ನಮ್ಮ ಮಗ್ಗದಲ್ಲೇ ಕೆಲಸಕ್ಕಿದ್ದ. ಅವ್ವ ಅವಳಿಗೆ ಒಂದು ಮೊರ ಜೋಳ ಕೊಟ್ಟು ನನ್ನನ್ನು ಕೊಂಡಳು. ಸಾವು ಬಾಗಿಲಿಗೆ ಬಂದು ವಿಚಾರಿಸಿದರೆ ಈ ಮನೆಯಲ್ಲಿ ಹಡೆದ ಕೂಸಿಲ್ಲ, ಕೊಂಡದ್ದೊಂದಿದೆ, ಅಷ್ಟೇ. ಹೆಸರು ತಿಪ್ಪವ್ವ. ಮುಂದೆ ಕೊಲ್ಹಾಪುರದ ಕಾನ್ವೆಂಟಿನಲ್ಲಿ ಸಿಸ್ಟರು ಈ ಹೆಸರಿನ ಅರ್ಥ ಕೇಳಿದಾಗ ನಾನು ಪ್ರಾಮಾಣಿಕವಾಗಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಬೇರೆ ಮನೆಗಳಲ್ಲಿ ಇದು ಒಂದು ದಿನದ ಆಟ. ಅವ್ವ ಮಾತ್ರ ಅದನ್ನು ಬಿಡಲೇ ಇಲ್ಲ. ಹಾಲು ಕುಡಿಸಿದ್ದಾಳೆ, ಅದೂ ಪರದೆ ಎಳೆದು. ಮಂದಿಯೆದುರು ಎತ್ತಿಕೊಂಡದ್ದಿಲ್ಲ, ಮುದ್ದು ಮಾಡಿದ್ದಿಲ್ಲ. ಯಾರಾದರೂ ಹುಡುಗಿ ಚೆಲುವೆ ಅಂದರೆ "ನಮ್ಮದಲ್ಲರೀ ಅದು, ಗಂಗವ್ವಂದು" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಗಂಗವ್ವನಿಗಂತೂ ಇದು ದಿನದ ಚೇಷ್ಟೆ. "ಒಂದ ಮರ ಜ್ವಾಳಕ್ಕ ಕೊಟ್ಟ ಕೆಟ್ಟೆ ನೋಡವಾ. ನೀ ತಿಂದ ಜ್ವಾಳ ಎರಡ ಚೀಲ ಆಗಿರಬೇಕ ಈಗ."

ನಾನು ಈ ಮಾತನ್ನೆಲ್ಲ ನಂಬಿದೆ. ಒಂದು ಮಧ್ಯಾಹ್ನ ಎರಡು ಲಂಗ, ಒಂದು ಬಾಚಣಿಕೆ ಗಂಟು ಕಟ್ಟಿಕೊಂಡು ಗಂಗವ್ವನ ಮನೆಗೆ ಹೊರಟೇ ಹೋದೆ, ಇನ್ನು ಅಲ್ಲೇ ಇರುವುದೆಂದು. ಅವಳು ಝುಣಕ, ಭಾಕ್ರಿ ತಿನ್ನಿಸಿ, ಬಾಯಿ ಒರೆಸಿ, "ಮಾರಿದ ಮಾಲ ವಾಪಸ್ ತಗೊಳ್ಳಂಗಿಲ್ಲವಾ" ಎಂದು ಕೈಹಿಡಿದು ಕರೆತಂದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಬಂದೇನು? ಕಾಲ ತೊಳಕೋ" ಎಂದಳು. 

ಅಪ್ಪ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ. ಅಲ್ಲಿಂದ ಕೊಲ್ಹಾಪುರದಲ್ಲೇ ಕಾಲೇಜು, ಸೈಕಾಲಜಿ. ವಿಯೆನ್ನಾದ ಒಬ್ಬ ಗಡ್ಡದ ಡಾಕ್ಟರು ನನಗೆ ಪುಸ್ತಕದಲ್ಲಿ ಸಿಕ್ಕಿದ್ದು ಆಗ. ಮನುಷ್ಯನ ಪರ್ಸನಾಲಿಟಿ ಮೊದಲ ಐದಾರು ವರ್ಷಗಳಲ್ಲೇ ಅಚ್ಚಿಗೆ ಬೀಳುತ್ತದೆ. ಬೇಕೆಂಬ ಹಟದ ಇಡ್, ಬೇಡವೆನ್ನುವ ಸೂಪರ್‌ಈಗೊ, ನಡುವೆ ಪಾಪ ಈಗೊ. ಕೂಸಿನ ಮೊದಲ ಜಗತ್ತು ಬಾಯಿ, ಅದಕ್ಕೆ ಓರಲ್ ಸ್ಟೇಜ್ ಎಂದು ಹೆಸರು. ಎರಡನೆಯ ಸ್ಟೇಜಿನ ಹೆಸರನ್ನು ನಮ್ಮ ಪ್ರೊಫೆಸರು ನಾಚಿಕೊಂಡು ಕಿಟಕಿಯಾಚೆಯ ಬೇವಿನ ಮರಕ್ಕೆ ಹೇಳಿದರು. ಯಾವ ಹಂತದಲ್ಲಿ ಪ್ರೀತಿ ಕಡಿಮೆಯಾಯಿತೋ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದು ಫಿಕ್ಸೇಶನ್. ರಜೆಗೆ ಮನೆಗೆ ಬಂದವಳು ಎಲ್ಲರನ್ನೂ ಡಯಾಗ್ನೋಸ್ ಮಾಡತೊಡಗಿದೆ. ಅಪ್ಪನ ಎಲೆಅಡಿಕೆಯ ಕವಳ, ಮಗ್ಗ ರಿಪೇರಿ ಮಾಡುವ ಜಾಬರನ ಬೀಡಿ, ಮಗ್ಗದವರ ಬಾಯಲ್ಲಿ ಸದಾ ಇರುವ ತಂಬಾಕು. ಆ ಲೆಕ್ಕದಲ್ಲಿ ಇಡೀ ಇಚಲಕರಂಜಿಯೇ ಓರಲ್ ಸ್ಟೇಜ್ ದಾಟಿರಲಿಲ್ಲ.

ನಗುವುದೆಲ್ಲ ಮೇಲೆ ಮೇಲೆ. ಒಳಗೆ ನನಗೆ ಒಂದೇ ಹಸಿವು: ಅವ್ವ ಒಮ್ಮೆ, ಒಂದೇ ಒಮ್ಮೆ, ನಾಲ್ಕು ಜನರ ಮುಂದೆ 'ಇವಳು ನನ್ನ ಮಗಳು' ಎನ್ನಬೇಕು. ಹಾಸ್ಟೆಲಿನ ಮಂಚದ ಮೇಲೆ ಎಚ್ಚರ, ನಿದ್ದೆಗಳ ನಡುವೆ ತೇಲುವಾಗ ಅದನ್ನು ಕೇಳಿಸಿಕೊಂಡಂತೆಯೂ ಆಗುತ್ತಿತ್ತು.

ಒಂದು ರಜೆಯಲ್ಲಿ, ಅವ್ವ ಜೋಳ ಹಸನು ಮಾಡುತ್ತಿದ್ದಾಗ ಕೇಳಿಯೇಬಿಟ್ಟೆ. "ಯವ್ವಾ, ನಾ ಸಣ್ಣಾಕಿ ಇದ್ದಾಗ ನನ್ನ ಯಾಕ ಎತ್ತಿಕೊಳ್ಳಲಿಲ್ಲ? ಅದರಿಂದ ಮಕ್ಕಳ ಮನಸ್ಸು ಹಾಳಾಗತೈತಂತ."

"ಯಾರ ಅಂದ್ರು?"

"ದೊಡ್ಡ ಡಾಕ್ಟರು. ಪರದೇಶದವರು."

ಅವ್ವ ಕಲ್ಲೊಂದನ್ನು ಆರಿಸಿ ಬದಿಗಿಟ್ಟಳು. "ಎತ್ತಿಕೊಂಡಾವು ಮೂರೂ ಹ್ವಾದುವು" ಎಂದಳು.

ನಾನು ಸಿಟ್ಟಿನಿಂದ ಗಂಗವ್ವನ ಕಟ್ಟೆಗೆ ಹೋಗಿ ಕೂತೆ. ಅವಳು ನನ್ನ ದೂರನ್ನೆಲ್ಲ ಕೇಳಿದಳು. "ಹುಚ್ಚಿ, ನಿಮ್ಮವ್ವ ನಿನಗ ಜೋಗುಳ ಹಾಡತಿದ್ಲು, ಗೊತ್ತೈತೇನು? ಮಗ್ಗ ನಡೀವಾಗಷ್ಟ ಹಾಡಾಕಿ. ತೊಟ್ಟಿಲದಾಗ ಮಾರಿ ಇಟ್ಟು. ಆ ಗದ್ದಲದಾಗ ಯಾರಿಗಿ ಕೇಳಬೇಕು? ಕರೆಂಟ ಹ್ವಾದ್ರ ಗಪ್ಪ. ಒಮ್ಮಿ ನಡುವ ಮಗ್ಗ ನಿಂತು ನನಗ ಅರ್ಧ ಸಾಲ ಕೇಳಿಸಿಬಿಡ್ತು. ಮರುದಿನ ನನ್ನ ಮಾರಿ ನೋಡಾಕ ನಾಚಿದ್ಲು ನಿಮ್ಮವ್ವ, ಏನೋ ಕದ್ದ ಸಿಕ್ಕಾಕಿಯಂಗ."

ನನಗೆ ಆ ಜೋಗುಳದ ಒಂದಕ್ಷರವೂ ನೆನಪಿಲ್ಲ. ಬಾಲ್ಯದಲ್ಲಿ ಕೇಳಿದ್ದು ಯಾವುದೂ ಕಳೆಯುವುದಿಲ್ಲ, ತಳಕ್ಕಿಳಿದು ಅನ್‌ಕಾನ್ಶಸ್ಸಿನಲ್ಲಿ ಇರುತ್ತದೆ ಎಂದು ಆ ಡಾಕ್ಟರೇ ಹೇಳಿದ್ದಲ್ಲವೇ? ಆ ಒಂದು ಮಾತಿಗಾಗಿ ಅವರ ಬಗ್ಗೆ ನನಗೆ ಇಂದಿಗೂ ಅಕ್ಕರೆ. ಆದರೂ ಹಸಿವು ಹಸಿವೇ. ಮಂದಿಯೆದುರು ಒಂದು ಮಾತು ಬೇಕೆಂಬ ಆಸೆ ಹೋಗಲಿಲ್ಲ.

ಮದುವೆಯಾಗಿ ನಾನು ಗಡಹಿಂಗ್ಲಜಿನಲ್ಲಿ ಇದ್ದಾಗ ಅವ್ವನನ್ನು ಕೊಲ್ಹಾಪುರದ ದವಾಖಾನೆಗೆ ಹಾಕಿದ ಸುದ್ದಿ ಬಂತು. ಎಸ್‌ಟಿ ಬಸ್ಸು ಹಿಡಿದು ಹೋದೆ. ನನಗಾಗ ಐದು ತಿಂಗಳು ತುಂಬಿತ್ತು. ಅಪ್ಪ ಔಷಧಿ ತರಲು ಹೋಗಿದ್ದ. ಅವ್ವ ಮಂಚದಲ್ಲಿ ಒಂದು ಹಿಡಿಯಷ್ಟಾಗಿದ್ದಳು. ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಆಮೇಲೆ ಕೋಣೆಯ ಖಾಲಿ ಮೂಲೆಯನ್ನು ನೋಡಿದಳು, ಬಾಗಿಲಿಗೆ ಬಂದು ವಿಚಾರಿಸುವುದು ಈಗ ಅಲ್ಲಿ ನಿಂತು ಕೇಳಿಸಿಕೊಳ್ಳುತ್ತಿದೆ ಎನ್ನುವಂತೆ.

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ರೋಗಿಯ ಹತ್ತಿರ ಮನೆಯವರೊಬ್ಬರು ಇರಬಹುದು, ಉಳಿದವರು ಹೊರಡಬೇಕು ಎಂದು ನರ್ಸು ಹೇಳಿದಳು. ನನ್ನನ್ನು ತೋರಿಸಿ ಅವ್ವನನ್ನು ಕೇಳಿದಳು, "ಹೀ ತುಮಚೀ ಮುಲಗೀ ಕಾ?" ಇವಳು ನಿಮ್ಮ ಮಗಳೇ?

ನಾನು ಮಂಚದ ಹತ್ತಿರಕ್ಕೆ ಬಾಗಿದೆ.

"ಅಲ್ಲ" ಎಂದಳು ಅವ್ವ. ನರ್ಸಿಗೆ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಮ್ಮೆ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಮೂಲೆಗೂ ಕೇಳುವ ಹಾಗೆ, "ನಾಹೀ. ಶೇಜಾರಚೀ." ಪಕ್ಕದ ಮನೆಯವಳು.

ನರ್ಸು ನನ್ನ ಕಡೆ ತಿರುಗಿದಳು. ನಾನೂ ಆ ಖಾಲಿ ಮೂಲೆಯನ್ನು ನೋಡಿದೆ. ಒಂದು ಮಾತು ಹೇಳಿದ್ದರೆ ಆ ದಿನವಿಡೀ ನಾನು ಅಲ್ಲಿ ಇರಬಹುದಿತ್ತು.

"ಹೋಯ್" ಎಂದೆ, "ಮೀ ಶೇಜಾರಚೀ." ಹೌದು, ನಾನು ಪಕ್ಕದ ಮನೆಯವಳು.

ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, "ಬರ್ತೇನ್ರೀ ಅವ್ವಾರ" ಎಂದು ಅವಳಿಗೆ ಹೇಳಿದೆ, ಹೊರಗಿನವರು ಹೇಳುವ ಹಾಗೆ. ಬಾಗಿಲಲ್ಲಿ ತಿರುಗಿ ನೋಡಿದೆ. ಅವ್ವ ಆಗಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಾನು ಯಾರೋ ಏನೋ ಎನ್ನುವ ಹಾಗೆ, ನಿಶ್ಚಿಂತೆಯಿಂದ.