ಗಡಿಯಾರಗಳಿಗೆ ನೀರು ಬಿಡುತ್ತಿದ್ದವನು

ರುಂಗ್ವೆ ಬೆಟ್ಟದ ತಪ್ಪಲಿನ ನಮ್ಮ ಮಿಷನ್ನಿಗೆ ಹೊಳೆಯ ನೀರಿನಿಂದಲೇ ಕರೆಂಟು. ಆ ಯಂತ್ರವನ್ನು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡವನು ಅಂಬಕಿಸ್ಯೆ. ಆಸ್ಪತ್ರೆಯ, ನನ್ನ ಶಾಲೆಯ, ಹತ್ತಾರು ಮನೆಗಳ ಗೋಡೆ ಗಡಿಯಾರಗಳು ಆ ಕರೆಂಟಿನ ಮಿಡಿತವನ್ನೇ ಎಣಿಸಿ ನಡೆಯುತ್ತಿದ್ದವು. ಸೆಕೆಂಡಿಗೆ ಐವತ್ತು ಮಿಡಿತ ಬಂದರೆ ಸರಿ. ಯಂತ್ರ ನಿಧಾನವಾದರೆ ಎಲ್ಲವೂ ಒಟ್ಟಿಗೆ ಹಿಂದೆ ಬೀಳುತ್ತಿದ್ದವು. ಮುಳ್ಳನ್ನು ಮುಟ್ಟಲು ಅವನು ಯಾರಿಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಕಚೇರಿಯ ರೇಡಿಯೋದಲ್ಲಿ ಸಮಯ ಕೇಳಿ, ಎಷ್ಟು ಹಿಂದಿದೆ ನೋಡಿ, ದಿನವಿಡೀ ತುಸು ಹೆಚ್ಚು ನೀರು ಬಿಟ್ಟು ಸಂಜೆಯೊಳಗೆ ಸರಿದೂಗಿಸುತ್ತಿದ್ದ. ನಾನೊಮ್ಮೆ ಶಾಲೆಯ ಮುಳ್ಳನ್ನು ಮುಂದೂಡಿದಾಗ ನನ್ನನ್ನೇ ಗದರಿದ.

"ಟೀಚರಮ್ಮ, ಮಕ್ಕಳ ತಪ್ಪು ನೀವು ತಿದ್ದಿ. ಗಡಿಯಾರದ್ದು ನನಗೆ ಬಿಡಿ."

ಒಂದು ಬೇಸಿಗೆಯಲ್ಲಿ ಅವನ ಹೆಂಡತಿ ತುಲಿನಗ್ವೆಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ತಿಳಿಯಿತು. ಎಂಬೇಯ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಕೊಯ್ಯಬೇಕಿತ್ತು. ಗಂಡ ಜೊತೆಗೆ ಬಂದರೆ ಮಾತ್ರ ಹೋಗುವೆನೆಂದು ಅವಳು ಒಪ್ಪಿದಳು. ಬಸ್ಸು ಎರಡು ದಿನಕ್ಕೊಂದು, ಬೆಳಿಗ್ಗೆ ಒಂಬತ್ತಕ್ಕೆ.

ಹಿಂದಿನ ರಾತ್ರಿ ಅವಳ ನೋವು ಹೆಚ್ಚಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಬೆಳಗಿನವರೆಗೆ ಹೆಂಡತಿಯ ಬಳಿ ಕುಳಿತ. ಅತ್ತ ಕಾಲುವೆಯ ಜಾಲರಿಗೆ ಬಾಳೆ ಎಲೆ ಕಟ್ಟಿಕೊಂಡು ನೀರು ತಗ್ಗಿತು.

ಬೆಳಿಗ್ಗೆ ದೀಪ ಮಂಕಾದದ್ದನ್ನು ನೋಡಿ, ಅವಳ ತಂಗಿ ಸುಬಿಲಗ ಎಂಬವಳ ಜೊತೆ ಬಸ್ಸಿನ ಬಳಿ ಹೋಗಿರಲು, ತಾನು ಹಿಂದೆಯೇ ಬರುವೆನೆಂದು ತುಲಿನಗ್ವೆಗೆ ಹೇಳಿ ಕಾಲುವೆಗೆ ಓಡಿದ. ಹೆರಿಗೆ ಕೋಣೆಗೆ ಕರೆಂಟು ಬೇಕಿತ್ತು. ಎಲೆ ತೆಗೆದು ಯಂತ್ರದ ಮನೆಯ ಗಡಿಯಾರ ನೋಡಿದ. ರೇಡಿಯೋ ಕೇಳಲು ಹೊತ್ತಿರಲಿಲ್ಲ. ಹತ್ತು ನಿಮಿಷ ಹಿಂದಿರಬಹುದೆಂದು ಅಂದಾಜು ಮಾಡಿದ. ನಿಜಕ್ಕೆ ಅದು ಇಪ್ಪತ್ತನಾಲ್ಕು ನಿಮಿಷ ಹಿಂದಿತ್ತು.

ಅವನು ರಸ್ತೆಗೆ ಬಂದಾಗ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ನಡೆದು, ಲಾರಿ ಹಿಡಿದು, ಮಾರನೆಯ ಮಧ್ಯಾಹ್ನ ಎಂಬೇಯ ಮುಟ್ಟಿದ. ಬೆಳಿಗ್ಗೆಯೇ ಕೊಯ್ದಿದ್ದರು. ಅವಳು ಎಚ್ಚರಗೊಳ್ಳಲಿಲ್ಲ.

ಆಮೇಲೂ ಅವನು ಯಂತ್ರ ನೋಡಿಕೊಂಡ, ಗಡಿಯಾರಗಳನ್ನು ಸರಿಯಾಗಿಯೇ ನಡೆಸಿದ. ಆದರೆ ಸುಬಿಲಗ ಕಂಡಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ.

"ಬಸ್ಸು ಹೊರಟಾಗ ಅವಳು ಕಿಟಕೀಲಿ ನೋಡ್ತಿದ್ಲಾ?"

"ನೋಡ್ತಿದ್ಲು ಭಾವ. ತಿರುವು ದಾಟೋವರೆಗೂ ನಿಮ್ಮ ದಾರೀನೇ ನೋಡ್ತಿದ್ಲು."

ನಿಜವಾಗಿ ನಡೆದದ್ದನ್ನು ಸುಬಿಲಗ ನನಗೊಬ್ಬಳಿಗೇ ಹೇಳಿದ್ದಾಳೆ. ಬಸ್ಸು ಹೊರಡುವಾಗ ತುಲಿನಗ್ವೆ ಮುಖದ ಮೇಲೆ ಬಟ್ಟೆ ಎಳೆದುಕೊಂಡು, "ಬರೋದಿಲ್ಲ ಅಂತ ಮೊದಲೇ ಹೇಳಿದ್ರೆ ನಾನು ಹೊರಡ್ತಾನೇ ಇರ್ಲಿಲ್ಲ" ಎಂದಳಂತೆ.

ಸಾಯುವವರೆಗೂ ಅವನು ಕೇಳಿದ. ಸುಬಿಲಗ ಅದೇ ಉತ್ತರ ಕೊಟ್ಟಳು.