ಹಿತ್ತಿಲ ಕಡೆಗೆ ವಾಟ

ಚನ್ನಪಟ್ಟಣದ ಹೊಸ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವ್ವನ ಗಾಲಿಕುರ್ಚಿ ತಾನಾಗಿಯೇ ಹೊರಟಿತು. ನಾನು ಮುದ್ದೆ ತಿರುವುತ್ತಿದ್ದೆ. "ಅಯ್ಯಯ್ಯೋ!" ಎಂಬ ಕೂಗು ಕೇಳಿ ಓಡಿಬಂದರೆ, ನಡುಮನೆಯಲ್ಲಿದ್ದವಳು ಮುಚ್ಚಿದ ಹಿತ್ತಿಲ ಬಾಗಿಲಿಗೆ ಮಂಡಿ ತಗುಲಿಸಿಕೊಂಡು ಕೂತಿದ್ದಳು. ಕುರ್ಚಿಗೆ ಬ್ರೇಕ್ ಹಾಕಿರಲಿಲ್ಲ.

ಮನೆ ಮುಗಿಯುವ ಹೊತ್ತಿಗೆ ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಒಂದೇ ಕೈಯಲ್ಲಿ ಚಕ್ರ ತಿರುಗಿಸಿದರೆ ಕುರ್ಚಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಬಚ್ಚಲಿಗಾಗಲಿ ಬಿಸಿಲಿಗಾಗಲಿ ನನ್ನನ್ನೇ ಕರೆಯಬೇಕು. ಈ ಸ್ಥಿತಿಯಲ್ಲಿ ಎಲ್ಲಾದರೂ ಬಿದ್ದರೆ ಕಷ್ಟ ಎಂದು ಡಾಕ್ಟರು ಬೇರೆ ಹೆದರಿಸಿದ್ದರು. ಇಂಥವಳಿಗೆ ಸೊಟ್ಟ ನೆಲ! ನನ್ನ ಮೈಯೆಲ್ಲ ಉರಿದುಹೋಯಿತು.

ಉರಿ ಒಂದು ಕಡೆ, ಕುತೂಹಲ ಒಂದು ಕಡೆ. ನಮ್ಮದು ಬೊಂಬೆ ಕೆಲಸದ ಮನೆ. ಶೆಡ್ಡಿನಿಂದ ಅರಗು ಹಚ್ಚಿದ ಮರದ ಗುಂಡುಗಳನ್ನು ತಂದು ಮೂಲೆಮೂಲೆಗೂ ಬಿಟ್ಟೆ. ಎಲ್ಲವೂ ಹೊರಟಿದ್ದು ಹಿತ್ತಿಲ ಬಾಗಿಲಿಗೇ. ಒಂದು ಚೊಂಬು ನೀರು ಚೆಲ್ಲಿದೆ. ಅದೂ ಅತ್ತ ಕಡೆಗೇ ಹರಿದು ಹೊಸ್ತಿಲ ಪಕ್ಕದ ತೂತಿನಿಂದ ಆಚೆ ಹೋಯಿತು. ಬೇಕಾಬಿಟ್ಟಿ ಕೆಲಸವಾದರೆ ಒಂದು ಗುಂಡಾದರೂ ಬೇರೆ ಕಡೆ ಓಡಬೇಕಿತ್ತಲ್ಲ? ಕೆಟ್ಟ ಕೆಲಸಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು? ಒಂದು ಕಣ್ಣು ಮುಚ್ಚಿ, ಟೈಲ್ಸಿಗೆ ಕೆನ್ನೆ ಒತ್ತಿ ನೋಡಿದೆ.

"ಯಾಕವ್ವ, ನೆಲಕ್ಕೇನು ಜ್ವರ ಬಂದೈತಾ?" ಎಂದಳು ಅವ್ವ.

ಮೇಸ್ತ್ರಿಯನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಅವನು ತಲೆ ಕೆರೆದುಕೊಂಡ. "ಅದು ವಾಟ ಕಣಕ್ಕ. ತೊಳ್ದ ನೀರು ಹಿತ್ತಿಲಿಗೆ ಹೋಗ್ಬೇಕು ಅಂತ ಅಮ್ಮಾರೇ ನಿಂತ್ಕಂಡು ಕೊಡ್ಸಿದ್ರು. ಟೈಲ್ಸಿಗೆ ಒರೆಸಿದ್ರೆ ಸಾಕು ಅಂದೆ, ಬೈದ್ಬುಟ್ರು."

ನಾನು ಅವ್ವನ ಮುಖ ನೋಡಿದೆ.

"ಊಂ. ಬಿಂದಿಗೆಗಟ್ಲೆ ನೀರು ಉಯ್ದು ತೊಳೀದಿದ್ರೆ ಅದೊಂದು ಮನೇನಾ? ಚಕ್ರದ ಮೇಲೆ ಕುಂತ್ಕಂಡು ಈ ಮನೆಗೆ ಬತ್ತೀನಿ ಅಂತ ನಾನೇನು ಕನಸು ಕಂಡಿದ್ನಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಹಿಡಿದು ಈ ನೆಲ ತೊಳೆಯುವ ಆಸೆ ಇತ್ತು ಅವಳಿಗೆ. ನನಗೆ ಅಳು ಬಂತು. ತೋರಿಸಿಕೊಳ್ಳದೆ, ಎಲ್ಲ ಕಿತ್ತು ಸಮ ಮಾಡು ಎಂದು ಮೇಸ್ತ್ರಿಗೆ ಹೇಳಿದೆ.

ಸೋಮವಾರ ಅವನು ಉಳಿ, ಸುತ್ತಿಗೆ ತಂದು ಹಿತ್ತಿಲ ಬಾಗಿಲು ತೆರೆದಿಟ್ಟು ಕುಕ್ಕರುಗಾಲಲ್ಲಿ ಕೂತ. ಇನ್ನೇನು ಏಟು ಬೀಳಬೇಕು, ಅವ್ವ "ಒಸಿ ತಡಿಯಪ್ಪ" ಎಂದಳು. ಬಲಗೈಯಲ್ಲೇ ಬಲಗಡೆಯ ಬ್ರೇಕ್ ಸಡಿಲಿಸಿ, ಬಾಗಿ ಎಡಗಡೆಯದನ್ನೂ ಸಡಿಲಿಸಿದಳು. ಕುರ್ಚಿ ಮೆಲ್ಲಗೆ ಹೊರಟಿತು. ನಾನು ಕೈ ಚಾಚಿದೆ.

"ಮುಟ್ಬ್ಯಾಡ."

ನಡುಮನೆ ದಾಟಿ, ಹಿತ್ತಿಲ ಹೊಸ್ತಿಲಿಗೆ ಚಕ್ರ ತಾಗಿ ನಿಂತಿತು. ಅವ್ವನ ಮಡಿಲ ತುಂಬ ಬಿಸಿಲು. ಕಾಯಿಲೆ ಬಿದ್ದಮೇಲೆ ಯಾರನ್ನೂ ಕರೆಯದೆ ಅವಳು ಒಂದು ಕಡೆ ಹೋಗಿದ್ದು ಅದೇ ಮೊದಲು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ನಾನು ಹತ್ತಿರ ಹೋಗಿ ನಿಂತರೂ ಅವಳು ತಿರುಗಲಿಲ್ಲ.

"ನೀನ್ಯಾಕೆ ಬಂದೆ? ಬರಾಕೆ ನಾನೇ ಬಂದಿವ್ನಿ. ವಾಪಸ್ ಹೋಗಾಕೆ ಕರೀತೀನಿ, ಹೋಗು."